ಐಸ್ ಪ್ಲಾಂಟಿನಲ್ಲಿ ಓದಿದ ಕಾವ್ಯ

ಹೋದ ತಿಂಗಳು ಬಂಗುಡೆ ಮೀನು ತರಲೆಂದು ಮಲ್ಪೆಗೆ ಹೋಗಿದ್ದೆ. ಬಂದರಿಗೆ ತಿರುಗುವಲ್ಲಿ ಒಂದು ಐಸ್ ಪ್ಲಾಂಟಿನ ಗೇಟು ತೆರೆದು, ಮಂಜುಗಡ್ಡೆ ತುಂಬಿದ ಟೆಂಪೋ ಹೊರಗೆ ಬಂತು. ಅದರ ಹಿಂದೆಯೇ ತೆಳ್ಳಗೆ ಅಮೋನಿಯಾದ ವಾಸನೆ. ಜೊತೆಗಿದ್ದ ನಾದಿನಿ ಮೂಗಿಗೆ ಶಾಲು ಒತ್ತಿಕೊಂಡಳು. ನಾನು ನಿಂತಲ್ಲೇ ಬೆನ್ನು ನೆಟ್ಟಗೆ ಮಾಡಿ, ಉಸಿರೆಳೆದು, ಗಂಟಲು ಸರಿಮಾಡಿಕೊಂಡೆ.

"ಎಂತ ಆಯ್ತು ನಿಂಗೆ?" ಎಂದಳು ನಾದಿನಿ.

ಏನೂ ಇಲ್ಲ ಎಂದೆ. ಆ ವಾಸನೆ ಬಂದರೆ ನನಗೆ ಪದ್ಯ ಓದಬೇಕು ಅನಿಸುತ್ತದೆ ಎಂದು ಮೀನಿನ ಬುಟ್ಟಿ ಹಿಡಿದುಕೊಂಡು ರಸ್ತೆಯಲ್ಲಿ ಹೇಗೆ ವಿವರಿಸುವುದು? ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ಒಂದು ಮಳೆಗಾಲ ತಲೆಯಲ್ಲಿ ಗಿರಗಿರ ತಿರುಗಿತು. ನನ್ನ ನಲವತ್ತೈದು ವರ್ಷದ ಬದುಕಿನಲ್ಲಿ ಅಷ್ಟು ಖುಷಿಯಿಂದ, ಅಷ್ಟು ಗಡಿಬಿಡಿಯಿಂದ, ಅಷ್ಟು ಹಟದಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಆಗ ನಾನು ಕಾಪುವಿನ ಒಂದು ಮೆಡಿಕಲಿನಲ್ಲಿ ಫಾರ್ಮಸಿಸ್ಟ್. ಈಗಲೂ ಅಲ್ಲೇ. ಮನೆ ಶಿರ್ವದಲ್ಲಿ, ಗಂಡ ಅಬುಧಾಬಿಯಲ್ಲಿ. ಒಂದು ಸಂಜೆ ಕಿವಿ ಮಂದವಾದ ಅಜ್ಜರೊಬ್ಬರಿಗೆ ಗುಳಿಗೆಯ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಬೆಳಿಗ್ಗೆ ತಿಂಡಿಯ ಮೊದಲು ಇದು, ರಾತ್ರಿ ಊಟದ ನಂತರ ಅದು. ಅಜ್ಜ ಹೋದ ಮೇಲೆ ಹಿಂದೆ ನಿಂತಿದ್ದ ಹುಡುಗಿ ತನ್ನ ಚೀಟಿ ಕೊಡುವುದನ್ನೇ ಮರೆತು ನನ್ನ ಮುಖ ನೋಡುತ್ತಿದ್ದಳು.

"ಅಕ್ಕಾ, ನಿಮ್ಮ ಸ್ವರ ಒಳ್ಳೆದುಂಟು. ಪದ್ಯ ಓದ್ತೀರಾ?"

ಅವಳು ಅಕ್ಷತಾ. ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ, ಅಮ್ಮನ ಮನೆ ಕಾಪು. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಯಾರು ಬೇಕಾದರೂ ಗಟ್ಟಿಯಾಗಿ ಓದಿ, ಧ್ವನಿಮುದ್ರಿಸಿ, ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಉಚಿತವಾಗಿ ಕೊಡಬಹುದಂತೆ. ಜಗತ್ತಿನ ಯಾವ್ಯಾವುದೋ ಭಾಷೆಯವರು ಹಾಗೆ ಸಾವಿರಗಟ್ಟಲೆ ಓದಿಟ್ಟಿದ್ದಾರೆ, ಕನ್ನಡದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಎಂದಳು. ಅವಳ ಲೈಬ್ರರಿಯ ಮೂಲೆಯ ಕಪಾಟಿನಲ್ಲಿ ಒಂದು ಹಳೆಯ ಕಥನಕಾವ್ಯ ಸಿಕ್ಕಿತ್ತು. ಆರು ಸಾಲಿನ ಪದ್ಯಗಳು, ಇಪ್ಪತ್ತೆರಡು ಸಂಧಿಗಳು. ವ್ಯಾಪಾರಕ್ಕೆಂದು ಹಡಗು ಹತ್ತಿ ಹೋದ ಗಂಡ ಹಿಂದಿರುಗದಿದ್ದಾಗ, ಹೆಂಡತಿಯೇ ಇನ್ನೊಂದು ಹಡಗು ಹತ್ತಿ ಅವನನ್ನು ಹುಡುಕಿಕೊಂಡು ಹೋಗುವ ಕಥೆ. ಎಲ್ಲಿ ಹುಡುಕಿದರೂ ಬೇರೆ ಪ್ರತಿ ಇಲ್ಲ. ಹುಳ ತಿನ್ನುವ ಮೊದಲು ಅದನ್ನು ಸ್ಕ್ಯಾನ್ ಮಾಡಿಟ್ಟಿದ್ದಳು. ಈಗ ಓದಿಸಬೇಕಿತ್ತು.

"ನಮ್ಮದು ಕೊಂಕಣಿ ಬಾಯಿ ಮಾರಾಯ್ತಿ. ಹಳೆಗನ್ನಡ, ನಡುಗನ್ನಡ ಎಲ್ಲ ನನಗೆ ಬರುದಿಲ್ಲ" ಎಂದೆ.

"ನನ್ನದು ತುಳು ಬಾಯಿ. ಬರ್ಲಿಕ್ಕೆ ಎಂತ ಉಂಟು? ಅರ್ಧ ನೀವು, ಅರ್ಧ ನಾನು."

ಬೇಡ ಅನ್ನಲು ಬಾಯಿ ತೆರೆದವಳು ಆಯ್ತು ಎಂದುಬಿಟ್ಟೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಜೂನ್ ಶುರುವಾಗಿತ್ತು. ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಸದ್ದಿಲ್ಲದ ಒಂದು ಜಾಗ ಹುಡುಕಿ ನೋಡಿ, ಆಗ ತಿಳಿಯುತ್ತದೆ ಕಷ್ಟ. ನಮ್ಮ ಮನೆಯ ಕಪಾಟಿನೊಳಗೆ ಸೀರೆಗಳ ನಡುವೆ ತಲೆ ತೂರಿಸಿ, ಮೇಲೆ ಕಂಬಳಿ ಹೊದ್ದು ಓದಿದೆ. ಅಂಗಳದ ತಗಡಿನ ಶೀಟಿನ ಮೇಲೆ ಬಿದ್ದ ಮಳೆ ಚಂಡೆಯಂತೆ ಕೇಳಿತು. ಮಳೆ ನಿಂತಿತು ಅನ್ನುವಷ್ಟರಲ್ಲಿ ಕಪ್ಪೆಗಳು. ಮಣಿಪಾಲದ ಅಕ್ಷತಾಳ ರೂಮಿನಲ್ಲಿ ಪಕ್ಕದ ಹಾಸ್ಟೆಲಿನ ಜನರೇಟರ್. ಕಾರಿನ ಗಾಜು ಏರಿಸಿ ಕಾಪುವಿನ ಒಳರಸ್ತೆಯಲ್ಲಿ ಕೂತರೆ, ಎರಡು ಪದ್ಯ ಮುಗಿಯುವಷ್ಟರಲ್ಲಿ ಯಾರಾದರೂ ಗಾಜು ಬಡಿದು "ಎಂತ, ಕಾರು ಹಾಳಾಯ್ತಾ?" ಎಂದು ಕೇಳುತ್ತಿದ್ದರು. ಎರಡು ವಾರದಲ್ಲಿ ಒಂದು ಸಂಧಿಯೂ ಆಗಲಿಲ್ಲ.

ನಾವಿಬ್ಬರು ಮೆಡಿಕಲಿನ ಕೌಂಟರಿನಲ್ಲಿ ಈ ಗೋಳು ಹೇಳಿಕೊಳ್ಳುವಾಗ ಸದಾಶಿವಣ್ಣ ಕೇಳಿಸಿಕೊಂಡರು. ಅವರು ಕಾಪುವಿನವರು, ಅಮ್ಮನ ಬಿಪಿ ಗುಳಿಗೆಗೆ ತಿಂಗಳಿಗೊಮ್ಮೆ ಬರುವವರು. ಹದಿನೆಂಟು ವರ್ಷ ಬೋಟಿನಲ್ಲಿ ದುಡಿದು, ಮೊಣಕಾಲು ಕೈಕೊಟ್ಟ ಮೇಲೆ ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಆಪರೇಟರ್ ಆಗಿದ್ದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು.

"ಬಾಯಮ್ಮ, ಸದ್ದಿಲ್ಲದ ಜಾಗ ಬೇಕಾ? ನಮ್ಮ ಐಸ್ ಸ್ಟೋರಿನ ಒಳಗೆ ಹೋಗಿ ಬಾಗಿಲು ಹಾಕಿದ್ರೆ ಹೊರಗೆ ಸಿಡಿಲು ಬಡಿದ್ರೂ ಕೇಳುದಿಲ್ಲ."

"ಅಲ್ಲಿ ಚಳಿಗೆ ಸಾಯ್ತೇವಲ್ಲ ಸದಾಶಿವಣ್ಣ!"

"ಈಗ ಎಂತ ಚಳಿ? ಬೋಟೆಲ್ಲ ದಡದಲ್ಲಿ. ಎರಡು ತಿಂಗಳು ಕಂಪ್ರೆಸರ್ ಬಂದ್. ಒಳಗೆ ಹಲ್ಲಿ ಕೂಡ ಇಲ್ಲ."

ಹೌದಲ್ಲ! ಜೂನ್ ಜುಲೈ ಎರಡು ತಿಂಗಳು ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿಲ್ಲದಿದ್ದರೆ ಐಸ್ ಯಾಕೆ? ಆ ಪ್ಲಾಂಟಿನಲ್ಲಿ ಆಗ ತುಕ್ಕು ಉಜ್ಜಿ ಬಣ್ಣ ಬಳಿಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಸದಾಶಿವಣ್ಣ ಪ್ಲಾಂಟಿನ ಧಣಿಗಳ ಹತ್ತಿರ ಒಂದು ಮಾತು ಕೇಳಿದರು. ಧಣಿಗಳು ನಕ್ಕು, "ಓದಿಕೊಳ್ಳಲಿ, ಆದ್ರೆ ಜುಲೈ ಕೊನೆಯ ಗುರುವಾರ ಮೆಷಿನ್ ಶುರುವಾಗ್ಬೇಕು. ಬೋಟು ಹೊರಡುವ ಮೊದಲು ಐಸ್ ತಯಾರಿರಬೇಕು" ಎಂದರಂತೆ.

ಆ ಕೋಣೆಯೊಳಗೆ ಮೊದಲ ಸಲ ಕಾಲಿಟ್ಟದ್ದು ಚೆನ್ನಾಗಿ ನೆನಪಿದೆ. ಒಂದು ಮೊಳ ದಪ್ಪದ ಬಾಗಿಲು. ಗೋಡೆಯೊಳಗೆಲ್ಲ ಥರ್ಮಕೋಲ್. ಖಾಲಿ ನೆಲ, ಹಳೆಯ ಮೀನಿನ ವಾಸನೆ, ಹೊಸ ಬಣ್ಣದ ವಾಸನೆ, ಎರಡರ ನಡುವೆ ಅಮೋನಿಯಾ. ಸದಾಶಿವಣ್ಣ ಬಾಗಿಲು ದೂಡಿದರು. ಮಳೆ ಹೋಯಿತು. ಗಾಳಿ ಹೋಯಿತು. ಲಾರಿಗಳು, ಕಾಗೆಗಳು, ಕಡಲು ಎಲ್ಲ ಹೋದವು. ನನಗೆ ನನ್ನ ಎದೆಬಡಿತ ಕೇಳಿಸಿತು. ಅಕ್ಷತಾ ಟಾರ್ಚಿನ ಬೆಳಕಿನಲ್ಲಿ ನನ್ನ ಕೈ ಹಿಡಿದು ಕುಣಿದೇಬಿಟ್ಟಳು.

ಅಂದೇ ಮೊದಲನೆಯ ಸಂಧಿ ಓದಿ ಕಳಿಸಿದೆವು. ಕಳಿಸಿದ್ದು ಕಾರ್ಕಳಕ್ಕೆ. ನಾವು ಓದಿದ್ದನ್ನು ಕೇಳಿ ತಪ್ಪು ಹಿಡಿಯಲು ಅಕ್ಷತಾ ಅಲ್ಲಿನ ಒಬ್ಬ ನಿವೃತ್ತ ಕನ್ನಡ ಟೀಚರನ್ನು ಒಪ್ಪಿಸಿದ್ದಳು. ಅವರಿಗೆ ಕೆಲವು ವರ್ಷಗಳ ಹಿಂದೆ ಎರಡೂ ಕಣ್ಣು ಹೋಗಿತ್ತು. ಪುಸ್ತಕ ನೋಡುವಂತಿರಲಿಲ್ಲ. ಆದರೆ ಆ ಛಂದಸ್ಸಿನಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆಯಾದರೂ ಅವರ ಕಿವಿಗೆ ಕಲ್ಲು ಸಿಕ್ಕಿದಂತೆ ಆಗುತ್ತದೆ ಎಂದಿದ್ದಳು ಅಕ್ಷತಾ. ಮರುದಿನ ಅವರ ವಾಯ್ಸ್ ಮೆಸೇಜ್ ಬಂತು.

"ಮೊದಲನೆಯದಾಗಿ, ನೀವು ಕೊಡಪಾನದ ಒಳಗೆ ಕೂತು ಓದಿದ್ದೀರಾ? ಸ್ವರ ಎಲ್ಲ ಗುಂಯ್ ಗುಂಯ್ ಅಂತದೆ. ಎರಡನೆಯದು, ನಾಲ್ಕನೇ ನಿಮಿಷ ಹತ್ತನೇ ಸೆಕೆಂಡು. ಅಲ್ಲಿ 'ಭಾರ' ಅಂತ ಇರಬೇಕು. 'ಬಾರ' ಅಂತ ಕೇಳ್ತದೆ. ಪುನಃ ಓದಿ."

ನನ್ನ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. ಆ 'ಪುನಃ'! ಕೊನೆಯ ವಿಸರ್ಗವನ್ನು ಅಷ್ಟು ಪೂರ್ತಿಯಾಗಿ ಉಚ್ಚರಿಸುವವರು ನನ್ನ ಜೀವನದಲ್ಲಿ ಒಬ್ಬರೇ. ಜಯಂತಿ ಟೀಚರ್.

ಏಳನೆಯ ಕ್ಲಾಸಿನಲ್ಲಿ ಅವರು ನಮಗೆ ಕನ್ನಡ ಕಲಿಸಿದವರು. ಕವಿತಾವಾಚನ ಸ್ಪರ್ಧೆಗೆ ನನ್ನನ್ನು ಆರಿಸಿದ್ದರು. ಒಂದು ತಿಂಗಳು ಗದ್ದೆಯ ಬದುವಿನಲ್ಲಿ, ಬಾವಿಕಟ್ಟೆಯಲ್ಲಿ, ಭಾನುವಾರ ಇಗರ್ಜಿಯ ಪೂಜೆಗೆ ಹೋಗುವ ದಾರಿಯಲ್ಲಿ ಆ ಪದ್ಯ ಹೇಳಿ ಹೇಳಿ ಮನೆಯವರ ತಲೆ ತಿಂದಿದ್ದೆ. ಸ್ಪರ್ಧೆಯ ಹಿಂದಿನ ದಿನ ಟೀಚರ್ ನನ್ನನ್ನು ಕರೆದು, "ಲವೀನಾ, ನಿನ್ನ ನಾಲಿಗೆಗೆ ಕನ್ನಡ ಇನ್ನೂ ಬಂದಿಲ್ಲ" ಎಂದು ಬೇರೆ ಹುಡುಗಿಯನ್ನು ಕಳಿಸಿದರು. ಅಂದಿನಿಂದ ನಾಲ್ಕು ಜನರೆದುರು ನಾನು ಕನ್ನಡ ಓದಿದವಳಲ್ಲ, ಇಗರ್ಜಿಯಲ್ಲಿ ಕೂಡ. ಅಕ್ಷತಾ ಕೇಳಿದಾಗ ನಾನು ಆಯ್ತು ಎಂದದ್ದು ಅದಕ್ಕೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಯಾರೋ ನನಗೆ ಓದು ಎಂದಿದ್ದರು.

ಬಿಟ್ಟುಬಿಡಬೇಕು ಅನಿಸಿತು. ಒಂದು ದಿನ ಬಿಟ್ಟೂ ಬಿಟ್ಟೆ. ಎರಡನೆಯ ದಿನ ಸಿಟ್ಟು ಬಂತು. ಒಳ್ಳೆಯ ಸಿಟ್ಟು, ಮೈ ಬಿಸಿ ಮಾಡುವಂಥದ್ದು. ಅಕ್ಷತಾಳಿಗೆ ವಿಷಯ ಹೇಳಿ, "ನನ್ನ ಹೆಸರು ಮಾತ್ರ ಟೀಚರಿಗೆ ಹೇಳ್ಬೇಡ" ಎಂದೆ. ಅವಳು ನನ್ನನ್ನು ಅವರೆದುರು 'ಮೆಡಿಕಲಿನ ಅಕ್ಕ' ಎಂದಷ್ಟೇ ಹೇಳಿದಳು.

ಗುಂಯ್‌ಗುಡುವುದಕ್ಕೆ ಔಷಧ ಸದಾಶಿವಣ್ಣನೇ ಕಂಡುಹಿಡಿದರು. ಖಾಲಿ ಗೋಡೆಗೆ ಸ್ವರ ಬಡಿದು ವಾಪಸು ಬರುತ್ತದೆ ಎಂದು ಅಕ್ಷತಾ ಹೇಳಿದ್ದೇ ತಡ, ಬದಿಯ ಶೆಡ್ಡಿನಲ್ಲಿ ರಾಶಿ ಹಾಕಿದ್ದ ಬೋಟಿನ ಬಲೆಗಳನ್ನು ಹೊತ್ತು ತಂದು ನಾಲ್ಕೂ ಗೋಡೆಗೆ ಇಳಿಬಿಟ್ಟರು. ನೀಲಿ ಬಲೆ, ಹಸಿರು ಬಲೆ, ದಪ್ಪ ಬಲೆ, ಒಂದರ ಮೇಲೊಂದು. ಪ್ರತಿಧ್ವನಿ ಮಾಯ! ದೊಡ್ಡ ಊರಿನ ಸ್ಟುಡಿಯೋಗಳಲ್ಲಿ ಏನೇನಿದೆಯೋ ನನಗೆ ಗೊತ್ತಿಲ್ಲ, ಬಲೆಯ ನಡುವೆ ಮೀನಿನಂತೆ ಕೂತು ನಾನು ಓದಿದಷ್ಟು ಚೆನ್ನಾಗಿ ಯಾರೂ ಅಲ್ಲಿ ಓದಿರಲಿಕ್ಕಿಲ್ಲ.

ನನಗೂ ಅಕ್ಷತಾಳಿಗೂ ಆಗ ಮಧ್ಯಾಹ್ನದ ನಂತರ ಡ್ಯೂಟಿ. ಬೆಳಿಗ್ಗೆ ಎಂಟಕ್ಕೆ ಮಲ್ಪೆ. ಒಬ್ಬಳು ಓದುವಾಗ ಇನ್ನೊಬ್ಬಳು ಪುಟದ ಮೇಲೆ ಬೆರಳಿಟ್ಟು ಅಕ್ಷರ ನೋಡುವುದು. ಗಾಳಿಯಾಡದ ಕೋಣೆಯಾದ್ದರಿಂದ ಕಾಲು ಗಂಟೆಗೊಮ್ಮೆ ಸದಾಶಿವಣ್ಣ ಹೊರಗಿಂದ ಬಾಗಿಲು ತೆರೆಯುತ್ತಿದ್ದರು. ತೆರೆದಾಗೆಲ್ಲ ಅವರ ಕಿವಿಗೆ ಎರಡೋ ಮೂರೋ ಸಾಲು ಬೀಳುತ್ತಿತ್ತು. ಒಂದು ವಾರ ಸುಮ್ಮನಿದ್ದರು. ಆಮೇಲೆ ತಡೆಯಲಾಗಲಿಲ್ಲ.

"ಆ ಹೆಂಗಸಿಗೆ ಎಂತ ಆಯ್ತು ಬಾಯಮ್ಮ? ನಿನ್ನೆ ಹಡಗಿನವರು ಅವಳನ್ನು ಹತ್ತಿಸಿಕೊಳ್ಳುದಿಲ್ಲ ಅಂದಿದ್ರಲ್ಲ?"

"ಗಂಡಸಿನ ವೇಷ ಹಾಕಿ ಹತ್ತಿದಳು ಸದಾಶಿವಣ್ಣ."

"ಹೌದಾ! ಅಡ್ಡಿಲ್ಲ ಅವಳು." ಮರುದಿನದಿಂದ ಬಾಗಿಲಿನ ಹೊರಗಿನ ಚಿಲಕ ಬೀಳದಂತೆ ಅದಕ್ಕೆ ಒಂದು ಮರದ ತುಂಡು ಕೊಟ್ಟು, ಬಲೆಯ ರಾಶಿಯ ಮೇಲೆ ಅವರೂ ಒಳಗೇ ಕೂರತೊಡಗಿದರು. ಕೆಮ್ಮು ಬಂದರೆ ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

ಟೀಚರ ಪಟ್ಟಿ ಮಾತ್ರ ನಿಲ್ಲಲಿಲ್ಲ. ಫೋನು ಹೇಳುವ ನಿಮಿಷ ಸೆಕೆಂಡು ಕೇಳಿಕೊಂಡು ಅವರು ಒಂದೊಂದೇ ತಪ್ಪು ಹೆಕ್ಕುತ್ತಿದ್ದರು. ಮಹಾಪ್ರಾಣ ಬಂದಿಲ್ಲ, ಪುನಃ ಓದಿ. 'ಷ' ಎಲ್ಲಿಗೆ ಹೋಯಿತು, ಪುನಃ ಓದಿ. ಆರನೆಯ ಸಂಧಿಯನ್ನು ಐದು ಸಲ ಓದಿದೆ. ದಿನಕ್ಕೆ ನೂರು ಸಲ 'ಔಷಧ' ಎನ್ನುವವಳು ನಾನು. ಅಷ್ಟು ವರ್ಷವೂ 'ಔಸದ' ಅನ್ನುತ್ತಿದ್ದೆ ಎಂಬುದು ನನಗೆ ಗೊತ್ತಾದದ್ದು ಆ ಜೂನಿನಲ್ಲಿ! ಕೌಂಟರಿನಲ್ಲಿ ನಿಂತು ಪ್ರತಿ ಗಿರಾಕಿಗೂ "ಔ-ಷ-ಧ" ಎಂದು ಬಿಡಿಸಿ ಬಿಡಿಸಿ ಹೇಳಿದೆ. ಕೆಲವರು ಹೆದರಿ, "ದೊಡ್ಡ ಕಾಯಿಲೆ ಎಂತದಾದ್ರೂ ಉಂಟಾ?" ಎಂದು ಕೇಳಿದರು.

ಹದಿನಾಲ್ಕನೆಯ ಸಂಧಿಗೆ ಬಂದಾಗ ಜುಲೈ ನಡುಭಾಗ. ಅದು ಬಿರುಗಾಳಿಯ ಸಂಧಿ. ಹಡಗು ಓಲಾಡುತ್ತದೆ, ನಾವಿಕರು ಕೂಗುತ್ತಾರೆ. ನಾನು ಭಯವೆಲ್ಲ ಸ್ವರದಲ್ಲಿ ತುಂಬಿ, ನಡುಗಿಸಿ ನಡುಗಿಸಿ ಓದಿದೆ. ಮುಗಿಸಿ ತಲೆ ಎತ್ತಿದರೆ ಸದಾಶಿವಣ್ಣ ತಲೆ ಅಲ್ಲಾಡಿಸುತ್ತಿದ್ದರು.

"ಹಾಗಲ್ಲ ಬಾಯಮ್ಮ. ಗಾಳಿಗೆ ಸಿಕ್ಕಿದ ಬೋಟಿನಲ್ಲಿ ಹೆದರಿ ಯಾರೂ ಕೂಗುದಿಲ್ಲ. ಹೆದರಿದವ ಸುಮ್ಮನಾಗ್ತಾನೆ. ಕೂಗುದು ಕೆಲಸ ಹೇಳ್ಲಿಕ್ಕೆ. ಹಗ್ಗ ಬಿಡು, ನೀರು ಚೆಲ್ಲು, ಆಚೆ ಹೋಗು. ಅಷ್ಟೆ. ಸಣ್ಣ ಮಾತು, ದೊಡ್ಡ ಸ್ವರ." ಎದ್ದು ನಿಂತು ಒಮ್ಮೆ ಕೂಗಿ ತೋರಿಸಿದರು. ಬಲೆಗಳು ನಡುಗಿದವು ಎಂದೇ ನನಗನಿಸಿತು. ಅಕ್ಷತಾಳ ಯಂತ್ರದಲ್ಲಿ ಸದ್ದಿನ ಗೆರೆ ಕೆಂಪಾಗಿ ಮೇಲೆ ಹಾರಿತು.

ಪುನಃ ಓದಿದೆ. ಈ ಸಲ ನಡುಕವಿಲ್ಲ. ಹಗ್ಗ ಹಿಡಿದವಳಂತೆ ಓದಿದೆ. ಮುಗಿದಾಗ ನನ್ನ ಅಂಗೈಯಲ್ಲಿ ಉಗುರಿನ ಗುರುತು ಮೂಡಿತ್ತು.

ಅಂದು ಸಂಜೆ ಟೀಚರ ಮೆಸೇಜ್: "ಹದಿನಾಲ್ಕನೇ ಸಂಧಿಯಲ್ಲಿ ತಪ್ಪಿಲ್ಲ." ಆಮೇಲೆ, "ನಾನು ಇದನ್ನು ಎರಡು ಸಲ ಕೇಳಿದೆ. ಎರಡನೇ ಸಲ ತಪ್ಪು ಹುಡುಕಲಿಕ್ಕೆ ಅಲ್ಲ."

ಮೆಡಿಕಲಿನ ಹಿಂದಿನ ಸ್ಟಾಕ್ ರೂಮಿಗೆ ಹೋಗಿ ಸಿರಪ್ಪಿನ ಪೆಟ್ಟಿಗೆಗಳ ನಡುವೆ ಒಬ್ಬಳೇ ನಿಂತು ನಕ್ಕೆ. ಕಣ್ಣು ಒರೆಸಿಕೊಂಡೆ. ಪುನಃ ನಕ್ಕೆ.

ಅಲ್ಲಿಂದ ಮುಂದೆ ನಾವು ಓಡಿದೆವು ಎಂದೇ ಹೇಳಬೇಕು. ದಿನಕ್ಕೊಂದು ಸಂಧಿ, ಒಮ್ಮೊಮ್ಮೆ ಎರಡು. ಕೊನೆಯ ಸೋಮವಾರ ಇಪ್ಪತ್ತೆರಡನೆಯ ಸಂಧಿ ಮುಗಿಸಿ ಕಳಿಸಿದೆವು. ಆ ಸಂಧಿ ಯಾಕೋ ಮೋಟಾಗಿತ್ತು. ಹೆಂಡತಿಯ ಹಡಗು ದೂರದ ಒಂದು ಬಂದರನ್ನು ಕಾಣುತ್ತದೆ, ಅಲ್ಲಿಗೆ ಪುಸ್ತಕ ಖಾಲಿ. ಹಳೆಯ ಕವಿಗಳು ಹೀಗೂ ಮುಗಿಸುತ್ತಿದ್ದರೇನೋ ಎಂದುಕೊಂಡೆವು. ಸದಾಶಿವಣ್ಣನಿಗೆ ಸಮಾಧಾನವಾಗಲಿಲ್ಲ. "ಇದೆಂತ? ದಡ ಮುಟ್ಟದೆ ಮುಗಿಯುದಾ?"

ಮಂಗಳವಾರ ಬೆಳಿಗ್ಗೆ ನಾವಿಬ್ಬರು ಪ್ಲಾಂಟಿನಲ್ಲಿರುವಾಗ ಅಕ್ಷತಾಳ ಫೋನು ಬಡಿದುಕೊಂಡಿತು. ಮೆಸೇಜ್ ಅಲ್ಲ, ಟೀಚರೇ ನೇರವಾಗಿ.

"ಎಂತ ಮಾಡಿದ್ದೀರಿ ನೀವು? ಕಥೆ ಎಲ್ಲಿ ಮುಗೀತು? ಇನ್ನೂ ಹದಿನಾಲ್ಕು ಪದ್ಯ ಉಂಟಲ್ಲ!"

"ಪುಸ್ತಕದಲ್ಲಿ ಇಷ್ಟೇ ಇರುದು ಟೀಚರ್" ಎಂದಳು ಅಕ್ಷತಾ. ಹೇಳುವಾಗಲೇ ಅವಳ ಮುಖ ಬಿಳುಚಿತು. ಕೊನೆಯ ಹಾಳೆಗಳು ಹರಿದುಹೋಗಿವೆ ಎಂದು ಅವಳಿಗೆ ಹೊಳೆದದ್ದು ಆಗಲೇ. "ನನಗೆ ಬಾಯಿಗೆ ಬರ್ತದೆ" ಎಂದರು ಟೀಚರ್ ನಿಧಾನವಾಗಿ. "ಯಾರಾದರೂ ಬಂದು ಬರೆದುಕೊಂಡು ಹೋಗಿ. ಆ ಮೆಡಿಕಲಿನ ಅಕ್ಕ ಓದಲಿ."

ಅವತ್ತು ರಜೆ ಹಾಕಿ ನಾನೇ ಕಾರ್ಕಳಕ್ಕೆ ಓಡಿದೆ. ಅವರು ತಂಗಿಯ ಮನೆಯಲ್ಲಿದ್ದರು. ಬಾಗಿಲಲ್ಲಿ 'ಮೆಡಿಕಲಿನ ಅಕ್ಕ' ಎಂದಷ್ಟೇ ಹೇಳಿ ಒಳಗೆ ಹೋದೆ. ಟೀಚರ್ ಸಣ್ಣಗಾಗಿದ್ದರು, ಕೂದಲು ಪೂರ್ತಿ ಬೆಳ್ಳಗೆ. ನನ್ನ ನೋಟ್‌ಬುಕ್ಕು, ಪೆನ್ನು ತೆಗೆದುಕೊಂಡು ಕೂತೆ. ಅವರು ಶುರುಮಾಡಿದರು. ಮಾತಿನಂತೆ ಅಲ್ಲ, ಒಂದು ಧಾಟಿಯಲ್ಲಿ, ಹರಿಯುವ ಹಾಗೆ. ಎರಡನೆಯ ಸಾಲಿಗೇ ನಾನು "ಟೀಚರ್, ಸ್ವಲ್ಪ ನಿಧಾನ" ಎಂದೆ. ಅವರು ನಿಂತರು. ಮುಂದಿನದು ಬರಲಿಲ್ಲ. ಮೊದಲಿಂದ ಶುರು, ಪುನಃ ನಿಲ್ಲಿಸಿದೆ, ಪುನಃ ಮರೆತುಹೋಯಿತು.

"ನಿಲ್ಲಿಸಬೇಡ ಮಾರಾಯ್ತಿ. ನಿಲ್ಲಿಸಿದರೆ ಹೋಗ್ತದೆ. ಇದು ಒಂದೇ ಎಳೆಯಲ್ಲಿ ಬರುದು."

ಫೋನಿನಲ್ಲಿ ಮುದ್ರಿಸಿಕೊಳ್ಳೋಣವೆಂದರೆ ಮನೆಯ ಹಿಂದೆಯೇ ಗ್ರಾನೈಟ್ ಕೊಯ್ಯುವ ಮೆಷಿನ್. ಕೇಳಿ ನೋಡಿದೆ, ಪದ್ಯದ ಅರ್ಧ ಅಕ್ಷರ ಕಲ್ಲಿನ ಕಿರುಚಾಟದಲ್ಲಿ ಹೋಗಿತ್ತು. "ಟೀಚರ್, ನೀವೇ ಮಲ್ಪೆಗೆ ಬನ್ನಿ. ಈ ಪದ್ಯ ನೀವೇ ಹೇಳಿ" ಎಂದೆ.

"ನಾನಾ? ಈ ಮಳೆಯಲ್ಲಿ? ವರ್ಷವಾಯ್ತು ನಾನು ಗೇಟು ದಾಟದೆ. ನನ್ನ ಸ್ವರ ಮುದುಕಿಯದ್ದು, ಯಾರು ಕೇಳ್ತಾರೆ? ಬೇಡ."

ಎಷ್ಟು ಹೇಳಿದರೂ ಬೇಡವೇ. ಕೊನೆಗೆ ನಾನು ಸದಾಶಿವಣ್ಣನಿಗೆ ಫೋನು ಹಚ್ಚಿ ವಿಷಯ ಹೇಳಿದೆ. ಅವರು ಯಾರೆಂದು ಟೀಚರಿಗೆ ಹೇಳಿ, ಫೋನನ್ನು ಟೀಚರ ಕಿವಿಗೆ ಹಿಡಿದೆ. ಸದಾಶಿವಣ್ಣನ ದೊಡ್ಡ ಸ್ವರ ನನಗೂ ಕೇಳುತ್ತಿತ್ತು.

"ಟೀಚರೇ, ನಾನು ಓದಿದವನಲ್ಲ. ಆದ್ರೆ ಒಂದೂವರೆ ತಿಂಗಳಿಂದ ಆ ಹೆಂಗಸಿನ ಹಿಂದೆಯೇ ಹೋಗ್ತಾ ಇದ್ದೇನೆ. ಅವಳನ್ನು ನೀರಿನ ನಡುವೆ ಬಿಟ್ಟು ಹೋಗ್ಬೇಡಿ ಮಾರಾಯ್ರೆ. ಗುರುವಾರ ಹನ್ನೊಂದು ಗಂಟೆಗೆ ಮೆಷಿನ್ ಶುರುವಾಗ್ತದೆ. ಅದರ ಮೊದಲು ಬಂದು ಅವಳನ್ನು ದಡಕ್ಕೆ ಹತ್ತಿಸಿ."

ಟೀಚರ್ ಫೋನು ನನ್ನ ಕಡೆಗೆ ಚಾಚಿ, ತಂಗಿಯನ್ನು ಕರೆದು, "ನನ್ನ ಆ ಕಂದು ಬಣ್ಣದ ಸೀರೆ ಎಲ್ಲುಂಟು?" ಎಂದರು.

ಬುಧವಾರ ಇಡೀ ಕುಂಭದ್ರೋಣ ಮಳೆ, ಶಾಲೆಗಳಿಗೆಲ್ಲ ರಜೆ. ಹೊರಡುವಂತೆಯೇ ಇರಲಿಲ್ಲ. ಗುರುವಾರ ಏಳಕ್ಕೆ ನಾನು ಕಾರಿನಲ್ಲಿ ಕಾರ್ಕಳ ತಲುಪಿದೆ. ಏಳೂವರೆಗೆ ಟೀಚರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಎಂಟೂವರೆಗೆ ಮಣಿಪಾಲ, ಅಲ್ಲಿ ಅಕ್ಷತಾಳನ್ನು ಹತ್ತಿಸಿ ಒಂಬತ್ತಕ್ಕೆ ಮಲ್ಪೆ ಎಂದು ಲೆಕ್ಕ. ಹಿರಿಯಡ್ಕಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ಸಾಲುಗಟ್ಟಿ ಬಸ್ಸುಗಳು ನಿಂತಿದ್ದವು. ದೊಡ್ಡ ಮಾವಿನ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಊರವರು ಗರಗಸ ತಂದು ಕೊಯ್ಯುತ್ತಿದ್ದರು.

"ಎಷ್ಟು ಹೊತ್ತಾಗ್ತದೆ?" ಎಂದು ಇಳಿದು ಹೋಗಿ ಕೇಳಿದೆ. "ಒಂದು ಗಂಟೆ ಅಕ್ಕ" ಎಂದರು.

ಕಾರಿಗೆ ಬಂದು ಕೂತೆ. ಸ್ಟೇರಿಂಗಿನ ಮೇಲೆ ಬೆರಳು ತಾಳ ಹಾಕುತ್ತಿತ್ತು. ಟೀಚರ್ ಗಾಜಿನ ಮೇಲಿನ ಮಳೆಯ ಸದ್ದು ಕೇಳುತ್ತ ಕೂತಿದ್ದರು. ಆಗ ಹೇಳಿಬಿಟ್ಟೆ. ಏಳನೆಯ ಕ್ಲಾಸು, ಸ್ಪರ್ಧೆ, ಹಿಂದಿನ ದಿನ, ಅವರ ಮಾತು, ಎಲ್ಲ.

ಟೀಚರ್ ನೆನಪು ಮಾಡಿಕೊಳ್ಳಲು ನಿಜವಾಗಿಯೂ ಕಷ್ಟಪಟ್ಟರು. ಹಣೆ ಗಂಟಾಯಿತು. "ಆ ಶಾಲೆಯಲ್ಲಿ ನಾನು ಮೂರು ವರ್ಷ ಇದ್ದೆ. ಲವೀನಾ... ಇಲ್ಲ. ನನಗೆ ನೆನಪಿಲ್ಲ."

ಮೂವತ್ತು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ಅವರಿಗೆ ನೆನಪೇ ಇರಲಿಲ್ಲ! ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಹಾಗೆ ಎಷ್ಟು ಮಕ್ಕಳನ್ನು ಇಳಿಸಿದ್ದೇನೋ" ಎಂದರು ಅವರು, ತಮಗೇ ಹೇಳಿಕೊಂಡಂತೆ. "ಪ್ರೈಜು ಬರಬೇಕು ಅಂತ ಇತ್ತು ನನಗೆ ಆಗ. ತಪ್ಪು ಮಾಡಿದೆ ಮಗಳೇ." ಕೈ ಚಾಚಿ ಕಾರಿನ ಗಿಯರಿನ ಮೇಲಿದ್ದ ನನ್ನ ಕೈಯನ್ನು ಹುಡುಕಿ ಹಿಡಿದರು. "ಈಗ ನಿನ್ನ ಮಹಾಪ್ರಾಣ ಗಟ್ಟಿ ಉಂಟು. ಅದು ನಾನು ಕಲಿಸಿದ್ದಲ್ಲ, ನೀನು ಕಲಿತದ್ದು."

ಹೊರಗೆ ಗರಗಸ ಒಮ್ಮೆಲೇ ನಿಂತಿತು. ಜನ ಕೈ ಬೀಸಿ ಕರೆಯುತ್ತಿದ್ದರು. ಕಾರು ಹೋಗುವಷ್ಟು ಸಂದು ಆಗಿತ್ತು! ನುಗ್ಗಿಸಿದೆ. ಮಣಿಪಾಲದಲ್ಲಿ ಅಕ್ಷತಾ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗವಚಿಕೊಂಡು ರಸ್ತೆಯಲ್ಲೇ ನಿಂತಿದ್ದಳು. ಮಲ್ಪೆಯ ಗೇಟಿನೊಳಗೆ ಹೋದಾಗ ಹತ್ತೂ ಕಾಲು. ಬಂದರಿನಲ್ಲಿ ಆಗಲೇ ಬೋಟುಗಳಿಗೆ ಡೀಸೆಲ್ ತುಂಬಿಸುವ, ಹಗ್ಗ ಎಳೆಯುವ ಗಲಾಟೆ. ಪ್ಲಾಂಟಿನಲ್ಲಿ ಮೆಕ್ಯಾನಿಕ್ ಕಂಪ್ರೆಸರಿನ ಬೆಲ್ಟು ಬಿಗಿಮಾಡಿ ಕೈ ಒರೆಸಿಕೊಳ್ಳುತ್ತಿದ್ದ. ಬಲೆಗಳನ್ನು ಕೊಂಡುಹೋಗಲು ಬಂದಿದ್ದ ಬೋಟಿನವರನ್ನು ಸದಾಶಿವಣ್ಣ ಬಾಗಿಲಲ್ಲೇ ತಡೆದು ನಿಲ್ಲಿಸಿದ್ದರು.

ಟೀಚರ್ ಒಳಗೆ ಬಂದು ಕೈಯಿಂದ ಗೋಡೆ ಸವರಿದರು. "ಇದು ಬಲೆಯಾ?" ಎಂದು ನಕ್ಕರು. ಮೈಕಿನ ಮುಂದೆ ಕೂರಿಸಿದೆವು. ಸದಾಶಿವಣ್ಣ ಬಾಗಿಲು ಹಾಕಿ ತಮ್ಮ ಜಾಗದಲ್ಲಿ ಕೂತರು. ಮೊದಲ ಸಲ ಮೂರನೆಯ ಪದ್ಯದಲ್ಲಿ ಟೀಚರಿಗೆ ಕೆಮ್ಮು ಬಂತು. ಎರಡನೆಯ ಸಲ ಧಾಟಿ ಏರಿಹೋಯಿತು, ತಾವೇ ನಿಲ್ಲಿಸಿದರು. ಗಂಟೆ ಹತ್ತು ಮುಕ್ಕಾಲು.

ಮೂರನೆಯ ಸಲ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಇಳಿದು, ಚಕ್ಕಳಮಕ್ಕಳ ಹಾಕಿ ಕೂತರು. ಅಕ್ಷತಾ ಮೈಕನ್ನು ಕೈಯಲ್ಲೇ ಹಿಡಿದು ತಗ್ಗಿಸಿದಳು. ಆಮೇಲೆ ಬಂದದ್ದು ನಿಲ್ಲಲೇ ಇಲ್ಲ. ಹಡಗು ಬಂದರಿಗೆ ಬರುತ್ತದೆ. ದಡದಲ್ಲಿ ಹಗ್ಗ ಎಳೆಯುವ ಕೂಲಿಗಳ ನಡುವೆ ಅವಳ ಗಂಡ, ಹಡಗು ಒಡೆದು ಎಲ್ಲ ಕಳೆದುಕೊಂಡು, ಊರಿಗೆ ಮುಖ ತೋರಿಸಲು ನಾಚಿ ಅಲ್ಲೇ ಉಳಿದವನು. ಅವಳು ಅಳುವುದಿಲ್ಲ. ಪೂರಾ ನಾಲ್ಕು ಪದ್ಯ ಅವನಿಗೆ ಬೈಯುತ್ತಾಳೆ! ಸದಾಶಿವಣ್ಣ ಸದ್ದಾಗದಂತೆ ತೊಡೆ ತಟ್ಟಿಕೊಂಡರು. ಅವನು ಹಿಡಿದ ಹಗ್ಗದ ಇನ್ನೊಂದು ತುದಿಯನ್ನು ಅವಳೂ ಹಿಡಿದು, ಇಬ್ಬರೂ ಸೇರಿ ಹಡಗನ್ನು ದಡಕ್ಕೆ ಎಳೆಯುವಲ್ಲಿಗೆ ಹದಿನಾಲ್ಕನೆಯ ಪದ್ಯ ಮುಗಿಯಿತು.

ಅಕ್ಷತಾ ಬೆರಳಿನಿಂದ ಬಟನ್ ಒತ್ತಿದಳು. "ಬಂತು" ಎಂದಳು. ಆಗ ಮೂವರೂ ಒಟ್ಟಿಗೆ ಕೂಗಿದೆವು.

"ನನಗೊಮ್ಮೆ ಕೇಳಿಸಿ. ತಪ್ಪಿದ್ದರೆ?" ಎಂದರು ಟೀಚರ್. ಹೆಡ್‌ಫೋನನ್ನು ಅವರ ಕಿವಿಗೆ ಇಟ್ಟೆ. ಅವರು ತಮ್ಮ ಸ್ವರವನ್ನು ಯಂತ್ರದಲ್ಲಿ ಈವರೆಗೆ ಕೇಳಿದ್ದೇ ಇಲ್ಲವಂತೆ. ಒಂದು ಪದ್ಯವಾಗುವಷ್ಟರಲ್ಲಿ ಅವರ ಮುಖ ಬದಲಾಯಿತು.

"ಇದು ಯಾರು?"

"ನೀವೇ ಟೀಚರ್."

"ಅಲ್ಲ." ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಹಿಡಿದರು. "ಇದು ನನ್ನ ಅಮ್ಮ." ಕಿವಿಯಿಂದ ಕೈ ತೆಗೆಯದೆ ಹೇಳಿದರು: "ನಮ್ಮ ಊರು ಬಜಗೋಳಿಯ ಆಚೆ. ಅಮ್ಮನಿಗೆ ಒಂದಕ್ಷರ ಬರ್ತಿರಲಿಲ್ಲ. ಯಾರೋ ಓದುವುದನ್ನು ಕೇಳಿ ಕಲಿತು, ನೆಲದಲ್ಲಿ ಕೂತು ಚಾಪೆ ಹೆಣೆಯುವಾಗ ಇದನ್ನೇ ಹೇಳ್ತಿದ್ದಳು. ನಾನು ಪುಸ್ತಕದಲ್ಲಿ ಕಲಿತದ್ದಲ್ಲ ಇದು. ಅಮ್ಮ ಹೋಗಿ ನಲವತ್ತು ವರ್ಷ ಆಯ್ತು... ಇನ್ನೊಮ್ಮೆ ಹಾಕು ಮಗಳೇ."

ಇನ್ನೊಮ್ಮೆ ಹಾಕಿದೆ. ಹನ್ನೊಂದು ದಾಟಿತ್ತು. ಹೊರಗಿಂದ ಬಾಗಿಲು ಬಡಿದರು. ಸದಾಶಿವಣ್ಣ ಬಾಗಿಲು ಸ್ವಲ್ಪ ತೆರೆದು, ಮೆಕ್ಯಾನಿಕ್‌ಗೂ ಬೋಟಿನವರಿಗೂ ತ‌ಗ್ಗಿದ ಸ್ವರದಲ್ಲಿ ಹೇಳಿದರು. "ಹತ್ತು ನಿಮಿಷ ನಿಲ್ಲುವ. ಒಳಗೆ ಒಬ್ಬರು ಅವರ ಅಮ್ಮನ ಹತ್ತಿರ ಮಾತಾಡ್ತಾ ಇದ್ದಾರೆ."

ಅವರು ನಿಂತರು. ಹತ್ತಲ್ಲ, ಇಪ್ಪತ್ತು ನಿಮಿಷ ನಿಂತರು. ಆಮೇಲೆ ಬಲೆಗಳನ್ನು ಒಂದೊಂದಾಗಿ ಇಳಿಸಿಕೊಂಡು ಹೊರಟರು. ಕಂಪ್ರೆಸರ್ ದಡಕ್ಕನೆ ಶುರುವಾಯಿತು, ನೆಲ ನಡುಗಿತು, ಪೈಪುಗಳಲ್ಲಿ ಅಮೋನಿಯಾ ಬುಸುಗುಟ್ಟಿತು. ಅಕ್ಷತಾ ವಯರು ಸುತ್ತುತ್ತಿದ್ದಳು. ಟೀಚರಿಗೆ ಅದು ಯಾವುದೂ ಗೊತ್ತಾಗಲಿಲ್ಲ. ಖಾಲಿಯಾದ ಕೋಣೆಯ ನೆಲದಲ್ಲಿ ಕೂತು, ಕಣ್ಣು ಮುಚ್ಚಿ, ಕಿವಿಯೊಳಗಿನ ಸ್ವರಕ್ಕೆ ತುಟಿ ಕೂಡಿಸುತ್ತ, ಮಡಿಲಲ್ಲಿದ್ದ ಎರಡು ಕೈಗಳ ಬೆರಳುಗಳಿಂದ ಅವರು ಇಲ್ಲದ ಚಾಪೆಯೊಂದನ್ನು ಹೆಣೆಯುತ್ತಿದ್ದರು.